ತಂದದ್ದು ಕೊಡುವ ದಿನ

ಮೂರು ಕಾಲಿನ ಒಂದು ಹಿತ್ತಾಳೆ ಶ್ಯಾವಿಗೆ ಒರಳು ತನ್ನನ್ನು ಇಂಥ ಪೇಚಿಗೆ ಸಿಕ್ಕಿಸುತ್ತದೆ ಅಂತ ಉಮಾಶಂಕರ ಕನಸಿನಲ್ಲೂ ಎಣಿಸಿರಲಿಲ್ಲ.

ಶನಿವಾರ ಬೆಳಿಗ್ಗೆ ಅವನು ಹಲ್ಲುಜ್ಜುತ್ತಿರುವಾಗಲೇ ಹೆಂಡತಿ ಮೀನಾಕ್ಷಿ ಬಚ್ಚಲ ಬಾಗಿಲಿಗೆ ಬಂದು ನಿಂತಳು.

"ಅವ್ವ ನಾಲ್ಕು ಗಂಟೆ ಬಸ್ಸಿಗೆ ಗೆಂಡೆಹಳ್ಳಿಯಿಂದ ಬತ್ತಾಳೆ. ರಾತ್ರಿಗೆ ಒತ್ತು ಶ್ಯಾವಿಗೆ, ಕಾಯಿಹಾಲು. ಒರಳೆಲ್ಲಿ?"

ಬಾಯಲ್ಲಿ ಪೇಸ್ಟು ಇದ್ದದ್ದು ಒಳ್ಳೆಯದಾಯಿತು. ಒರಳು ಪಕ್ಕದ ಮನೆ ದೇವೀರಪ್ಪನ ಅಟ್ಟದ ಮೇಲಿತ್ತು. ಕೊಟ್ಟು ಆರು ತಿಂಗಳಾಗಿತ್ತು.

"ನಮ್ಮ ಮದುವೇಲಿ ಅವ್ವ ಕೈಯಾರೆ ಕೊಟ್ಟ ಒರಳು. ಮನೆತನದ್ದು, ಜೋಪಾನ ಅಂದಿದ್ಲು. ಅವಳು ಬರೋ ಹೊತ್ತಿಗೆ ಅಡುಗೆಮನೇಲಿ ಇಲ್ಲಾಂದ್ರೆ, ಅವಳು ವಾಪಸ್ ಹೋಗೋ ಬಸ್ಸಿಗೆ ನಾನೂ ಹತ್ತುತ್ತೀನಿ. ಯಾರಿಗೆ ಕೊಟ್ಟಿದ್ದೀರೋ, ಹೋಗಿ ಕೇಳಿ ಇಸ್ಕೊಂಡು ಬನ್ನಿ."

ಕೇಳುವುದು ಅಂದರೇನು ಸುಲಭವೇ? ಆ ಬೀದಿಯಲ್ಲಿ ಸಾಮಾನು ಕೊಡಬಹುದು, ತರಬಹುದು, ತಂದದ್ದನ್ನು ಮರೆಯಲೂಬಹುದು. ವಾಪಸ್ ಕೊಡಿ ಅಂತ ಬಾಯಿಬಿಟ್ಟು ಕೇಳಿದರೆ ಮಾತ್ರ ಮುಗಿಯಿತು. ಅದರಲ್ಲೂ ದೇವೀರಪ್ಪ ನಿವೃತ್ತ ಲೈನ್‌ಮ್ಯಾನು. ಮೂವತ್ತು ವರ್ಷ ಕಂಬದ ಮೇಲಿಂದಲೇ ಮಾತಾಡಿದವನು, ಅವನು ಗುಟ್ಟು ಹೇಳಿದರೂ ಆಚೆ ಬೀದಿಗೆ ಕೇಳಿಸುತ್ತದೆ. ಹೋದ ವರ್ಷ ಯಾರೋ ಪಾಪದವನು ತನ್ನ ಜರಡಿ ವಾಪಸ್ ಕೇಳಿದ್ದಕ್ಕೆ, "ಒಂದು ಜರಡಿಗೋಸ್ಕರ ನಮ್ಮನ್ನ ಕಳ್ಳರು ಮಾಡ್ಬುಟ್ಟ" ಅಂತ ಮೂರು ದಿನ ಬಸ್‌ಸ್ಟ್ಯಾಂಡಿನಲ್ಲಿ ಸಾರಿದ್ದ. ಆ ಮನುಷ್ಯ ಇವತ್ತಿಗೂ ಹಿಂದಿನ ಓಣಿಯಲ್ಲೇ ಓಡಾಡುತ್ತಾನೆ.

ಆದರೆ ಉಮಾಶಂಕರನ ಹತ್ತಿರ ಒಂದು ಬೋರ್ಡಿತ್ತು.

ಜಾವಗಲ್ ಬಸ್‌ಸ್ಟ್ಯಾಂಡ್ ಎದುರಿನ ಅವನ ಜೆರಾಕ್ಸ್ ಅಂಗಡಿಗೆ ಜೆರಾಕ್ಸ್ ಮಾಡಿಸುವವರಿಗಿಂತ ಬೋರ್ಡು ಓದುವವರೇ ಹೆಚ್ಚು. ಪ್ರತಿದಿನ ಬೆಳಿಗ್ಗೆ ಒಂದು ಸುದ್ದಿ, ಇವತ್ತು ಯಾವ ದಿನ, ಇತಿಹಾಸದಲ್ಲಿ ಈ ದಿನ ಏನಾಯಿತು ಅಂತ ಬರೆದು, ಒಂದೊಂದರ ಕೆಳಗೂ 'ನನ್ನ ಅಭಿಪ್ರಾಯ' ಅಂತ ಒಂದು ಸಾಲು ಸೇರಿಸುತ್ತಿದ್ದ. ತೆಂಗಿನಕಾಯಿ ರೇಟು ಏರಿದೆ. ನನ್ನ ಅಭಿಪ್ರಾಯ: ಮಾರೋರಿಗೆ ಹಬ್ಬ, ಚಟ್ನಿ ಅರೆಯೋರಿಗೆ ಸೂತಕ. ಇಂದು ವಿಶ್ವ ಕತ್ತೆ ದಿನ. ನನ್ನ ಅಭಿಪ್ರಾಯ: ಹೆಸರು ಹೇಳಿದರೆ ಜಗಳವಾಗುತ್ತದೆ, ಅವರವರೇ ಆಚರಿಸಿಕೊಳ್ಳಲಿ. ಬೋರ್ಡಿನಲ್ಲಿ ಬಂದದ್ದು ಸುಳ್ಳಾಗುವುದುಂಟೇ ಅಂತ ಊರು ನಂಬಿತ್ತು.

ಅವತ್ತು ಉಮಾಶಂಕರ ಸೀಮೆಸುಣ್ಣ ಹಿಡಿದು, ಜೀವನದಲ್ಲಿ ಮೊದಲ ಸಲ, ಒಂದು ದಿನವನ್ನು ತಾನೇ ಹುಟ್ಟಿಸಿದ.

'ಇಂದು ವಿಶ್ವ ತಂದದ್ದು ಕೊಡುವ ದಿನ. ಇತಿಹಾಸದಲ್ಲಿ ಈ ದಿನ: ಫ್ರಾನ್ಸಿನ ಒಬ್ಬ ದೊರೆ ಪಕ್ಕದ ರಾಜ್ಯದಿಂದ ತಂದಿದ್ದ ಬಾಣಲೆಯನ್ನು ಇಪ್ಪತ್ತು ವರ್ಷದ ಮೇಲೆ ಹಿಂತಿರುಗಿಸಿದ. ಯುದ್ಧ ತಪ್ಪಿತು. ನನ್ನ ಅಭಿಪ್ರಾಯ: ಕೇಳದೆ ಕೊಡುವವನೇ ದೊಡ್ಡವನು. ಇವತ್ತು ಯಾರಾದರೂ ಹೊಸದಾಗಿ ಏನಾದರೂ ಕೇಳಿಕೊಂಡು ಬಂದರೆ, ಎಂಥ ಬೇಕಾದವರಾದರೂ ಸರಿ, ಕೊಡಬೇಡಿ.'

ಕೊನೆಯ ಸಾಲು ಬೇಕಿರಲಿಲ್ಲ. ಬೋರ್ಡಿನಲ್ಲಿ ಜಾಗ ಉಳಿದಿತ್ತು, ಬರೆದ.

ಎಂಟು ಗಂಟೆಗೆ ಪೇಪರ್ ತರಲು ಬಂದ ದೇವೀರಪ್ಪ ಪೂರ್ತಿ ಓದಿದ. ಟವಲಿನಿಂದ ಮುಖ ಒರೆಸಿಕೊಂಡು ಇನ್ನೊಂದು ಸಲ ಓದಿದ.

"ಏನಯ್ಯಾ ಉಮಾಶಂಕರಾ, ಇಂಥಾ ಒಳ್ಳೇ ದಿನ ಐತೆ ಅಂತ ನಂಗೆ ಗೊತ್ತೇ ಇರ್ನಿಲ್ಲವಲ್ಲ."

"ಈ ವರ್ಷ ಹೊಸದಾಗಿ ಮಾಡವ್ರೆ, ದೇವೀರಪ್ಪಣ್ಣ."

"ನಮ್ ಮನೇಲೂ ಬ್ಯಾರೆಯೋರ ಸಾಮಾನು ಐತೆ ಕಣಯ್ಯ. ನಾಚಿಕೆ ಆಯ್ತು ನಂಗೆ. ಈಗ್ಲೇ ಹೋಗಿ ಬೆಳ್ಳಗೆ ಬೆಳಗಿ, ಯಾರ್ದೋ ಅವರಿಗೇ ಮುಟ್ಟಿಸ್ತೀನಿ."

ಉಮಾಶಂಕರನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಹೆಂಡತಿಗೆ ಫೋನು ಮಾಡಿ, "ಅಕ್ಕಿ ಹಿಟ್ಟು ರೆಡಿ ಮಾಡ್ಕೋ" ಅಂದ.

ಹತ್ತು ಗಂಟೆಗೆ ಊರಿಗೆ ಊರೇ ಈ ದಿನವನ್ನು ಹಿಡಿದುಕೊಂಡಿತು. ಪಾತ್ರೆ ವಾಪಸ್ ಕೊಡುವಾಗ ಖಾಲಿ ಕೊಡಬಾರದು ಅನ್ನೋದು ಅಲ್ಲಿಯ ಪದ್ಧತಿ. ಡಬ್ಬಿಯಲ್ಲಿ ಒಂದು ಹಿಡಿ ಸಕ್ಕರೆ, ಮೊರದಲ್ಲಿ ಎರಡು ಬಾಳೆಹಣ್ಣು, ಕೊಡೆ ಕೊಟ್ಟವರು ಕೊಡೆಯೊಳಗೇ ಒಂದು ನಿಂಬೆಹಣ್ಣು ಹಾಕಿ ಕೊಟ್ಟರು. ಮಾತು ಬಿಟ್ಟಿದ್ದ ವಾರಗಿತ್ತಿಯರು ಒಂದು ಇಡ್ಲಿ ಪಾತ್ರೆಯ ನೆಪದಲ್ಲಿ ಮಾತಾಡಿದರು. ದಾರಿಯಲ್ಲಿ ಹೋಗುವವರೆಲ್ಲ ಉಮಾಶಂಕರನಿಗೆ ಕೈ ಮುಗಿದರು.

ಆಮೇಲೆ ಅವರಲ್ಲಿ ಕೆಲವರು ಅಂಗಡಿಯೊಳಗೇ ಬಂದರು.

"ಸಾರ್, ನೀವು ಕೂತಿರೋ ಕುರ್ಚಿ ನಮ್ದು," ಅಂದ ಟೀ ಅಂಗಡಿಯ ಉಮೇಶ್, ಬಹಳ ಸಂಕೋಚದಿಂದ. "ನೀವಾಗೇ ಕೊಡ್ತೀರಿ ಅಂತ ಕಾದೆ. ಮರ್ತಿರಬೋದು ಅಂತ ಬಂದೆ."

ಉಮಾಶಂಕರ ಎದ್ದು ನಿಂತ. ಖಾಲಿ ಕೊಡಬಾರದಲ್ಲ, ಕುರ್ಚಿಯ ಮೇಲೆ ಎರಡು ಪೆನ್ನು ಇಟ್ಟು ಕಳಿಸಿದ. ಟೇಬಲ್ ಫ್ಯಾನು ಮೆಡಿಕಲ್ ಸ್ಟೋರಿಗೆ ಹೋಯಿತು, ಏಣಿ ಬಾಡಿಗೆ ಸೈಕಲಿನವನಿಗೆ, ಸ್ಟೇಪ್ಲರು ಎದುರಿನ ದರ್ಜಿಗೆ. ಊರಿನಲ್ಲಿ ಅತಿ ಹೆಚ್ಚು ಕೇಳಿ ತಂದವನು ತಾನೇ ಅನ್ನೋದು ಅವನಿಗೆ ಹನ್ನೊಂದೂವರೆಯ ಹೊತ್ತಿಗೆ ಗೊತ್ತಾಯಿತು. ಬಿಸಿಲಲ್ಲಿ ಬೆವರು ಒರೆಸಿಕೊಳ್ಳುತ್ತಾ, ಹೋದರೆ ಹೋಗಲಿ, ಒರಳೊಂದು ಬಂದರೆ ಸಾಕು ಅಂದುಕೊಂಡ.

ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಹೆಡ್‌ಮಿಸ್ ದ್ರಾಕ್ಷಾಯಣಿ ಆಟೋದಲ್ಲಿ ಬಂದರು.

"ಸಾರ್, ಎಂಥ ಒಳ್ಳೆ ವಿಚಾರ ಬರೆದಿದ್ದೀರಿ. ಮಕ್ಕಳಿಗೆಲ್ಲ ಹೇಳಿದೆ. ಹೇಳ್ತಾ ಹೇಳ್ತಾ ನೆನಪಾಯ್ತು, ಈ ಬೋರ್ಡು ನಮ್ಮ ಶಾಲೇದು. ಸ್ವಾತಂತ್ರ್ಯ ದಿನಕ್ಕೆ ಒಂದು ದಿನದ ಮಟ್ಟಿಗೆ ಅಂತ ತಂದಿದ್ರಿ. ಏಳು ಸ್ವಾತಂತ್ರ್ಯ ಆಯ್ತು."

"ಅಳಿಸಿಕೊಡ್ತೀನಿ ಮೇಡಂ," ಅಂದ ಉಮಾಶಂಕರ, ಸಣ್ಣ ದನಿಯಲ್ಲಿ.

"ಬೇಡ ಬೇಡ, ಹಂಗೇ ಇರ್ಲಿ. ಸೋಮವಾರ ಮಕ್ಕಳು ಓದ್ಲಿ. ಅಲ್ಲಿವರೆಗೂ ನಮ್ಮನೆ ಜಗಲೀಲಿ ಇಟ್ಕೊಂಡಿರ್ತೀನಿ."

ಬೋರ್ಡನ್ನೂ ಬರಿದೇ ಕೊಡುವ ಹಾಗಿಲ್ಲ. ಇದ್ದ ಒಂದು ಡಬ್ಬಿ ಸೀಮೆಸುಣ್ಣವನ್ನು ಜೊತೆಗೆ ಕೊಟ್ಟ.

ನಾಲ್ಕು ಗಂಟೆಯ ಬಸ್ಸು ಬಂತು. ಅತ್ತೆ ಸಣ್ಣತಾಯಮ್ಮ ಇಳಿದರು. ಒರಳು ಬಂದಿರಲಿಲ್ಲ. ಅತ್ತೆ ಕೈಕಾಲು ತೊಳೆದು, ನಡುಮನೆಯಲ್ಲಿ ಕೂತು, ಕಾಫಿ ಕುಡಿದು, "ಎಲ್ಲೇ ನಮ್ಮ ಮನೆತನದ ಒರಳು? ಹಿಟ್ಟು ಬೇಯಿಸೋಕೆ ಮುಂಚೆ ಎಣ್ಣೆ ಸವರಬೇಕು" ಅಂದರು. ಮೀನಾಕ್ಷಿ ಗಂಡನ ಮುಖ ನೋಡಿದಳು. ಅವನು ಬೀದಿಯ ಕಡೆ ನೋಡಿದ.

ಅಷ್ಟರಲ್ಲಿ ದೇವೀರಪ್ಪ ಬಾಗಿಲಿಗೆ ಬಂದ. ಮುಖದಲ್ಲಿ ಗೆದ್ದ ಕಳೆ. ಕೈ ಮಾತ್ರ ಖಾಲಿ.

"ಉಮಾಶಂಕರಾ, ಇವತ್ತು ಒಂದು ಪುಣ್ಯದ ಕೆಲಸ ಮಾಡ್ದೆ ಕಣಯ್ಯ. ಆ ಒರಳಿಗೆ ಹುಣಸೆಹಣ್ಣು ಹಾಕಿ ಎರಡು ಗಂಟೆ ಉಜ್ಜಿದೆ. ಹಳೇ ಹಿಟ್ಟೆಲ್ಲ ಕಿತ್ಕಂಡು ಬಂತು. ನೋಡ್ತೀನಿ, ತಳದಾಗೆ ಹೆಸರು ಕೊರೆಸವ್ರೆ. ಗಿರಿಯಮ್ಮ, ಹಾರನಹಳ್ಳಿ ಅಂತ."

ಸಣ್ಣತಾಯಮ್ಮ ಲೋಟ ಕೆಳಗಿಟ್ಟರು.

"ಪಾಪ, ನೀನೂ ಯಾರ ಹತ್ರಾನೋ ಇಸ್ಕಂಡು ಬಂದು ನಮಗೆ ಕೊಟ್ಟಿದ್ದೀಯ ಅಂತ ಗೊತ್ತಾಯ್ತು. ನಾನು ನಿಂಗೆ ಕೊಟ್ಟು, ನೀನು ಅವರಿಗೆ ಕೊಟ್ಟು, ಯಾಕೆ ಸುತ್ತು ಬಳಸು? ಒಂದು ಸೇರು ಅಕ್ಕಿ ಹಾಕ್ಕಂಡು, ಟೆಂಪೋ ಹತ್ತಿ, ಸೀದಾ ಹಾರನಹಳ್ಳಿಗೆ ಹೋಗಿ ಗಿರಿಯಮ್ಮನ ಕೈಗೇ ಕೊಟ್ಟು ಬಂದೆ. ಆಯಮ್ಮ ಕಣ್ಣಲ್ಲಿ ನೀರು ಹಾಕ್ಕಂತು ಕಣಯ್ಯ. ನಲವತ್ತು ವರ್ಷದ ಹಿಂದೆ ಗೆಂಡೆಹಳ್ಳಿ ಸಣ್ಣತಾಯಿ ಅನ್ನೋಳು ಯಾವಳೋ, ನಾಳೆ ಕೊಡ್ತೀನಿ ಅಂತ ತಗಂಡು ಹೋಗಿದ್ಲಂತೆ. ಜೊತೆಗೆ ಒಂದು ತಾಮ್ರದ ಹಂಡೆನೂವೆ. ಒರಳು ನಿಮ್ಮನೇಲಿತ್ತು ಅಂದೆ, ನಾಳೆ ಆಯಮ್ಮನೇ ಇಲ್ಲಿಗೆ ಬತ್ತದಂತೆ, ಹಂಡೆ ಹುಡಿಕ್ಕಂಡು. ಬತ್ತೀನಿ, ನಮ್ಮನೇಲಿ ಇನ್ನೂ ಎರಡು ಸೌಟು ಐತೆ, ಯಾರ್ದೋ ನೋಡ್ಬೇಕು."

ಅವನು ಹೋದ. ಮೂವರೂ ಬಚ್ಚಲಿನ ಕಡೆ ನೋಡಿದರು. ಒಲೆಯ ಮೇಲೆ, ಒರಳಿನ ಜೊತೆ ಮದುವೆಯಲ್ಲೇ ಬಂದಿದ್ದ ಹಂಡೆ ತಣ್ಣಗೆ ಕೂತಿತ್ತು.

"ಅವ್ವಾ, ಮನೆತನದ್ದು ಅಂದಿದ್ಯಲ್ಲ," ಅಂದಳು ಮೀನಾಕ್ಷಿ.

"ಯಾರ ಮನೆತನ ಅಂತ ನೀನು ಕೇಳ್ನಿಲ್ಲ," ಅಂದರು ಸಣ್ಣತಾಯಮ್ಮ. ಸೆರಗು ಸರಿಮಾಡಿಕೊಂಡರು. "ಕೊಡಬಾರದು ಅಂತೇನಿರ್ನಿಲ್ಲ ಕಣೇ. ಹಂಡೇನ ಖಾಲಿ ಹೆಂಗೆ ಕೊಡಾದು? ಅಷ್ಟು ದೊಡ್ಡ ಹಂಡೆ ತುಂಬಂಗೆ ಏನು ಹಾಕಾದು ಅಂತ ಯೋಚ್ನೆ ಮಾಡ್ತಾ ಮಾಡ್ತಾ ನಲವತ್ತು ವರ್ಷ ಆಗೋಯ್ತು."

ಮೀನಾಕ್ಷಿಗೆ ನಗು ತಡೆಯಲಾಗಲಿಲ್ಲ. ಉಮಾಶಂಕರನೂ ನಕ್ಕ. ಬೆಳಗಿನಿಂದ ಹೊತ್ತಿದ್ದ ಭಾರ ಇಳಿದಂತೆ, ಇನ್ನು ತನ್ನನ್ನು ಯಾರೂ ಏನೂ ಅನ್ನುವಂತಿಲ್ಲ ಅನ್ನುವ ಧೈರ್ಯದಲ್ಲಿ ಜೋರಾಗಿಯೇ ನಕ್ಕ.

"ನಗ್ಬೇಡಿ ಅಳಿಯಂದ್ರೇ," ಅಂದರು ಅತ್ತೆ. "ಬೆಳಿಗ್ಗೆ ಗಿರಿಯಮ್ಮ ಬರೋ ಹೊತ್ತಿಗೆ ಹಂಡೆ ತುಂಬ ಶ್ಯಾವಿಗೆ ಇದ್ರೆ ನನ್ನ ಮಾನ ಉಳೀತದೆ. ನನ್ನ ಮಾನ ಉಳಿದ್ರೆ ನಿಮ್ಮನೇಲಿ ನೆಮ್ಮದಿ ಉಳೀತದೆ. ಹೋಗಿ, ಯಾರ ಮನೇಲಾದ್ರೂ ಒಂದು ಒರಳು ಇಸ್ಕಂಡು ಬನ್ನಿ."

"ಬರಿಗೈಲಿ ಬರ್ಬೇಡಿ," ಅಂದಳು ಮೀನಾಕ್ಷಿ, ನಗು ನಿಲ್ಲಿಸಿ.

ಆ ಸುತ್ತಿನಲ್ಲಿ ಇನ್ನೊಂದು ಒರಳಿದ್ದದ್ದು ಒಂದೇ ಮನೆಯಲ್ಲಿ. ಉಮಾಶಂಕರ ಹೋಗಿ ಬಾಗಿಲು ತಟ್ಟಿದ. ದ್ರಾಕ್ಷಾಯಣಿ ಮೇಡಂ ಹೊರಗೆ ಬಂದರು.

"ಮೇಡಂ, ಒಂದೇ ಒಂದು ದಿನದ ಮಟ್ಟಿಗೆ..."

ಅವರು ಜಗಲಿಯ ಲೈಟು ಹಾಕಿ, ಗೋಡೆಗೆ ಒರಗಿಸಿದ್ದ ಬೋರ್ಡನ್ನು ಅವನ ಕಡೆ ತಿರುಗಿಸಿ, ಕೊನೆಯ ಸಾಲಿನ ಕೆಳಗೆ ಬೆರಳಿಟ್ಟು ಕೇಳಿದರು:

"ಇದು ನಿಮ್ಮ ಅಕ್ಷರಾನೇ ಅಲ್ವಾ ಸಾರ್?"