ಮಾನ್ಯರು ದಯಪಾಲಿಸಿದ ಥರ್ಮಾಮೀಟರ್ ಕುರಿತು

ಜಿದ್ದಾ, ಸೆಪ್ಟೆಂಬರ್ 1995

ಕಂಪೆನಿಯ ಮೆಡಿಕಲ್ ಕಾರ್ಡ್ ವಿಭಾಗದ ಮುಖ್ಯಸ್ಥರೂ, ನಮ್ಮೂರ ಕಡೆಯವರೂ, ಸದ್ಯಕ್ಕೆ ನನ್ನ ಗರ್ಭಕೋಶದ ಉಸ್ತುವಾರಿಯನ್ನೂ ವಹಿಸಿಕೊಂಡವರೂ ಆದ ಶ್ರೀ ಲ್ಯಾನ್ಸಿ ಮಸ್ಕರೇನ್ಹಸ್ ಅವರಿಗೆ ಕಂಪೆನಿ ಕ್ಲಿನಿಕ್ಕಿನ ನರ್ಸ್ ಕಾರ್ಮೆಲಿನ್ ಮಾಡುವ ಅನಂತ ವಂದನೆಗಳು.

ಮಾನ್ಯರೇ,

ಈ ಪತ್ರವನ್ನು ಕ್ಯಾಂಟೀನಿನ ಗೋಡೆಗೆ ಅಂಟಿಸಿದ್ದಕ್ಕೆ ಕ್ಷಮೆಯಿರಲಿ. ತಮ್ಮ ಮೇಜಿಗೆ ಹೋದ ಅರ್ಜಿಗಳು ಹಿಂತಿರುಗುವ ವೇಗ ನೋಡಿ ಹೀಗೆ ಮಾಡಿದೆ. ಕೊಂಕಣಿಯಲ್ಲಿ ಬರೆದರೆ ನಮ್ಮವರಷ್ಟೇ ಓದುತ್ತಾರೆ, ಇಂಗ್ಲಿಷಿನಲ್ಲಿ ಬರೆದರೆ ನಮ್ಮ ವೀಸಾದ ಧಣಿಗಳಾದ ಕಫೀಲರೂ ಓದುತ್ತಾರೆ. ಕನ್ನಡದಲ್ಲಾದರೆ ಸ್ಟೋರಿನ ಮೊಯ್ದು ಸಾಹೇಬರವರೆಗೆ ಓದಬೇಕಾದವರೆಲ್ಲ ಓದುತ್ತಾರೆ, ಉಳಿದವರು ಯಾವುದೋ ಹಬ್ಬದ ಶುಭಾಶಯವೆಂದು ತಿಳಿದು ಮುಂದೆ ಹೋಗುತ್ತಾರೆ.

ವಿಷಯ ಇಷ್ಟೇ. ಮೂರನೆಯ ಸಿಸೇರಿಯನ್ ಆದ ಮೇಲೆ ನನ್ನ ರಕ್ತದೊತ್ತಡ ಇಳಿದೇ ಇಲ್ಲ. ಆದ್ದರಿಂದ ಬಸಿರು ತಡೆಯಲು ಮಾತ್ರೆ ಬೇಡ, ಲೂಪ್ ಹಾಕಿಸಿಕೋ ಎಂದು ನಮ್ಮ ಕ್ಲಿನಿಕ್ಕಿನ ಡಾಕ್ಟರ್ ಬದ್ರುನ್ನಿಸಾ ಬರೆದುಕೊಟ್ಟರು. "ನಾಲ್ಕನೇ ಸಲ ನಿನ್ನ ಹೊಟ್ಟೆ ಕೊಯ್ದರೆ ವಾಪಸ್ ಹೊಲಿಯುವ ಧೈರ್ಯ ನನಗಿಲ್ಲ ಮಾರಾಯ್ತಿ" ಎಂದೂ ಹೇಳಿದರು. ಕಂಪೆನಿಯ ನಿಯಮದಲ್ಲಿ ಅಡ್ಡಿಯಿಲ್ಲ, ಮನೆ ತುಂಬ ಮಕ್ಕಳಿರುವ ಕಫೀಲರದೂ ಅಡ್ಡಿಯಿಲ್ಲ. ಖರ್ಚನ್ನು ಕಾರ್ಡಿಗೆ ಹಾಕಲು ತಮ್ಮ ಒಂದು ಸಹಿ ಸಾಕಿತ್ತು. ತಾವು ಪೆನ್ನಿನ ಮುಚ್ಚಳ ಹಾಕಿ, "ಎಂತ ಮಾಡುವುದು ಸಿಸ್ಟರ್, ನನಗೂ ಒಂದು ಆತ್ಮಸಾಕ್ಷಿ ಉಂಟಲ್ಲ? ದೇವರು ನಡೆಸುವುದಕ್ಕೆ ನಾವು ಅಡ್ಡ ಬರಬಾರದು" ಎಂದಿರಿ.

ಇಗರ್ಜಿಯಿಲ್ಲದ, ಪಾದ್ರಿಗಳಿಲ್ಲದ ಈ ಊರಿನಲ್ಲಿ ತಾವೊಬ್ಬರೇ ಇಗರ್ಜಿಯಾಗಿ ಎದ್ದು ನಿಂತಿರುವುದು ನಮ್ಮೆಲ್ಲರ ಪುಣ್ಯ. ತಲೆಗೂದಲಿನಿಂದ ಕಾಲ್ಬೆರಳಿನವರೆಗೆ ಯಾವ ಅಂಗದ ಖರ್ಚಿಗೂ ಸರಸರನೆ ಓಡುವ ತಮ್ಮ ಪೆನ್ನು, ಹೆಂಗಸಿನ ಹೊಟ್ಟೆಯ ಹತ್ತಿರ ಬಂದಾಗ ಮಾತ್ರ ಮೊಣಕಾಲೂರಿ ಪ್ರಾರ್ಥನೆಗೆ ತೊಡಗುವುದನ್ನು ಕಂಡು ನನಗೆ ಕಣ್ಣು ತುಂಬಿ ಬಂತು.

ಹಾಗೆಂದು ತಾವು ನಮ್ಮ ಕೈ ಬಿಟ್ಟವರಲ್ಲ. ಎರಡನೆಯ ಹೆರಿಗೆಯ ನಂತರ, ದಿನಾ ಬೆಳಿಗ್ಗೆ ಮೈಬಿಸಿ ನೋಡಿ ಸುರಕ್ಷಿತ ದಿನಗಳನ್ನು ಗುರುತಿಸುವುದೊಂದೇ ಧರ್ಮಸಮ್ಮತ ಮಾರ್ಗವೆಂದು ಬೋಧಿಸಿ, ಕಂಪೆನಿಯ ಖರ್ಚಿನಲ್ಲಿ ಒಂದು ಥರ್ಮಾಮೀಟರ್ ಮಂಜೂರು ಮಾಡಿದ್ದಿರಿ. ಆ ಆಗಸ್ಟಿನಲ್ಲಿ ನಮ್ಮ ಫ್ಲ್ಯಾಟಿನ ಏಸಿ ಕೆಟ್ಟಿತು. ಜಿದ್ದಾದ ಸೆಕೆಯಲ್ಲಿ ಗೋಡೆಗೂ ಜ್ವರ ಬಂದಂತಿದ್ದಾಗ ತಮ್ಮ ಥರ್ಮಾಮೀಟರ್ ತನಗೆ ತೋಚಿದ್ದನ್ನು ಹೇಳಿತು, ನಾವು ನಂಬಿದೆವು. ಹಾಗೆ ಹುಟ್ಟಿದ ಡೆಲ್ವಿನ್ ಈಗ ಮನೆಯಿಡೀ ಓಡಾಡುತ್ತಿದ್ದಾನೆ. ಅವನಿಗೆ ತಮ್ಮ ಹೆಸರನ್ನೇ ಇಡೋಣವೆಂದಿದ್ದೆ, ಯಜಮಾನರು ಒಪ್ಪಲಿಲ್ಲ. ಮುದ್ದಿನ ಹುಡುಗ, ಅವನ ಮೇಲೆ ನನ್ನ ದೂರಿಲ್ಲ.

ತಮಾಷೆ ಒತ್ತಟ್ಟಿಗಿರಲಿ, ನನಗೆ ಹೆದರಿಕೆಯಾಗುತ್ತದೆ. ಯಜಮಾನರು ಪ್ರೀತಿಯಿಂದ ಹತ್ತಿರ ಬಂದರೆ ಗೋಡೆಯ ಕಡೆ ಹೊರಳುತ್ತೇನೆ. ಪಾಪ, ಅವರು ನನ್ನ ಹೊದಿಕೆ ಸರಿಮಾಡಿ ಮಲಗುತ್ತಾರೆ. ಮೂರು ಮಕ್ಕಳನ್ನು ತಬ್ಬಲಿ ಮಾಡಿ ಹೋಗಲು ನನಗೆ ಮನಸ್ಸಿಲ್ಲ.

ಆದ್ದರಿಂದ, ಸಹಿ ಹಾಕಲಾಗದಿದ್ದರೆ, ನನ್ನ ಯಜಮಾನರನ್ನು ದೂರದ ತಬೂಕಿನ ಶಾಖೆಗೆ ವರ್ಗಾಯಿಸಿ, ನನಗೆ ಮುಟ್ಟು ನಿಲ್ಲುವವರೆಗೆ ಅಲ್ಲೇ ಇರಿಸಿಕೊಳ್ಳಬೇಕಾಗಿ ಕೋರುತ್ತೇನೆ. ಅದೂ ಕಷ್ಟವೆಂದಾದರೆ ನಾಲ್ಕನೆಯದನ್ನು ತಾವೇ ಹೊತ್ತು, ತಿಂಗಳು ತುಂಬಿದಾಗ ಡಾಕ್ಟರ್ ಬದ್ರುನ್ನಿಸಾ ಅವರ ಮೇಜಿನ ಮೇಲೆ ತಾವೇ ಮಲಗಿ ಉಪಕರಿಸಬೇಕು. ಬಾಣಂತನದ ಬಿಸಿನೀರು, ಲೇಹ್ಯಗಳ ಜವಾಬ್ದಾರಿ ನನ್ನದು.

ಸದಾ ತಮ್ಮ ಆತ್ಮಸಾಕ್ಷಿಯ ನೆರಳಿನಲ್ಲಿರುವ,
ತಮ್ಮ ವಿಶ್ವಾಸಿ,
ಕಾರ್ಮೆಲಿನ್

ಮರೆತಿದ್ದ ಮಾತು: ತಲೆಗೂದಲು ಉದುರದಿರಲೆಂದು ತಾವು ತಿಂಗಳು ತಿಂಗಳು ಕಾರ್ಡಿನ ಮೇಲೆ ಪಡೆಯುವ ಲೋಷನ್ನಿನ ಚೀಟಿ, ಕ್ಲಿನಿಕ್ಕಿನ ಮೊಹರಿಗಾಗಿ ನನ್ನ ಮೇಜಿಗೆ ಬಂದಿದೆ. ಉದುರಲಿ ಎಂದು ದೇವರೇ ನಿಶ್ಚಯಿಸಿದ ಕೂದಲಿಗೆ ಅಡ್ಡ ಬರುವುದು ಸರಿಯೇ ಎಂದು ಮೂರು ದಿನದಿಂದ ಯೋಚಿಸುತ್ತಿದ್ದೇನೆ. ಎಂತ ಮಾಡುವುದು ಸರ್, ನನಗೂ ಒಂದು ಆತ್ಮಸಾಕ್ಷಿ ಉಂಟಲ್ಲ? ಮೊಹರು ನನ್ನ ಡ್ರಾಯರಿನಲ್ಲಿದೆ, ಪೆನ್ನು ತಮ್ಮ ಜೇಬಿನಲ್ಲಿದೆ.