ಜಾರಿದ ಸೆರಗು

ದೇವರು ಕರೆದಾಗ ಏನು ಮಾಡಬೇಕೆಂಬುದು ನಮಗೆಲ್ಲ ಗೊತ್ತು. ಮೊದಲು, ಕರೆದದ್ದು ಪಕ್ಕದಲ್ಲಿ ಕೂತವರನ್ನೇ ಇರಬಹುದೇ ಎಂದು ನೋಡಬೇಕು. ನಾನು ಅರವತ್ತೇಳು ವರ್ಷ ಹಾಗೆಯೇ ನೋಡುತ್ತ ಬಂದವಳು. ಹಾಗಿದ್ದೂ ಒಂದು ಭಾನುವಾರ, ಬೈಲಹೊಂಗಲದ ನಮ್ಮ ಪುಟ್ಟ ಸಭೆಯಲ್ಲಿ, ನನ್ನ ಬಲಗೈ ಮೇಲೆದ್ದುಬಿಟ್ಟಿತು. ಸೆರಗು ಜಾರಿತ್ತು, ಸರಿಮಾಡಿಕೊಳ್ಳಲು ಎತ್ತಿದೆ ಎಂದು ಆಮೇಲೆ ಕೇಳಿದವರಿಗೆಲ್ಲ ಹೇಳಿದೆ. ಪ್ರಾರ್ಥನೆಗೆ ಹೆಂಗಸರು ತಲೆಯ ಮೇಲೆ ಸೆರಗು ಹೊದೆಯುವುದು ನಮ್ಮ ರೂಢಿ. ಸೀರೆಗಳಿಗೆ ನಮ್ಮಷ್ಟು ಭಕ್ತಿ ಇರುವುದಿಲ್ಲ. ಯಾರೂ ಅನುಮಾನಪಡಲಿಲ್ಲ.

ತಿಂಗಳಿಗೊಮ್ಮೆ ಧಾರವಾಡದಿಂದ ಬರುವ ಪಾಸ್ಟರ್ ಅಂದು ದೇವರ ಪರಿಶುದ್ಧತೆಯ ಮೇಲೆ ಪ್ರಸಂಗ ಮಾಡಿದರು. ಸಿಂಹಾಸನದ ಮೇಲೆ ಕೂತ ದೇವರನ್ನು ಕಂಡ ಪ್ರವಾದಿ ತನ್ನ ಹೊಲಸು ತುಟಿಗಳನ್ನು ನೆನೆದು ನಡುಗಿದ್ದು, ದೇವದೂತ ಕೆಂಡ ತಂದು ಆ ತುಟಿಗೆ ಮುಟ್ಟಿಸಿದ್ದು. ನನಗೆ ನನ್ನ ನಾಲಿಗೆ ನೆನಪಾಯಿತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದ ನಾಲಿಗೆ. ಆ ಗಳಿಗೆಯಲ್ಲೂ ಒಳಗೊಳಗೇ ಪಾಸ್ಟರರ ಪ್ರೊನನ್ಸಿಯೇಶನ್ ತಿದ್ದುತ್ತ ಕೂತಿತ್ತು. ಅದಕ್ಕೆ ಒಂದು ಕೆಂಡ ಸಾಲದು, ಅಗ್ಗಿಷ್ಟಿಕೆ ತುಂಬ ಬೇಕು. "ಎಲ್ಲಾರೂ ಕಣ್ಣ ಮುಚ್ಚರಿ. ಸೇವಾಕ್ಕ ಹೋಗಾಕ ಯಾರಿಗೆ ಮನಸೈತಿ, ಕೈ ಎತ್ತರಿ" ಎಂದರು ಪಾಸ್ಟರ್. ಆಮೇಲೆ, "ಸ್ತೋತ್ರ, ನಮ್ಮ ಅಕ್ಕೋರು ಎತ್ಯಾರ!" ಇಲ್ಲಿ ಶಾಲೆಯಲ್ಲಿ ಕಲಿಸಿದವಳು ಸಾಯುವ ತನಕ ಅಕ್ಕೋರೇ.

ಕಾನ್ವೆಂಟಿನ ಲೈಬ್ರರಿಯಲ್ಲಿ ಮಿಶನರಿಗಳ ಕತೆ ಓದಿ ಬೆಳೆದ ನಾನು, ದೇವರು ಕಳಿಸಿದರೆ ಆಫ್ರಿಕಾಕ್ಕೇ ಕಳಿಸುತ್ತಾನೆಂದು ನಂಬಿದ್ದೆ. ಸಿಕ್ಕಿದ್ದು ಸಂಗೊಳ್ಳಿ. ಅಲ್ಲಿ ರಾಹೇಲವ್ವ ಎಂಬ ಮುದುಕಿ ಒಬ್ಬಳೇ ಇರುತ್ತಾಳೆ, ವಾರಕ್ಕೊಮ್ಮೆ ಹೋಗಿ ಮಾತಾಡಿಸಿ, ಪ್ರಾರ್ಥನೆ ಮಾಡಿ ಬರಬೇಕು ಎಂದರು ಪಾಸ್ಟರ್. ಪೂರ್ ಥಿಂಗ್ ಎಂದು ಮರುಗಿದೆ. ಆಗ ನನ್ನ ಮನೆಗೆ ಹೊಸದಾಗಿ ಫೋನು ಬಂದಿತ್ತು. ಹತ್ತಿ ದಲ್ಲಾಳಿಯೊಬ್ಬರ ಅಡತಿ ಅಂಗಡಿಯ ನಂಬರಿಗೂ ನನ್ನದಕ್ಕೂ ಒಂದೇ ಅಂಕಿಯ ವ್ಯತ್ಯಾಸ. ಬರುತ್ತಿದ್ದ ಕರೆಗಳೆಲ್ಲ ಅಂಗಡಿಯವೇ. ರಾಂಗ್ ನಂಬರ್ ಎನ್ನುವ ಮೊದಲು ನಿಮ್ಮ ಕಡೆ ಮಳೆ ಹೇಗೆ, ಮಕ್ಕಳೆಷ್ಟು ಎಂದು ವಿಚಾರಿಸಿಕೊಳ್ಳುತ್ತಿದ್ದೆ. ಒಂಟಿತನ ಎಂದರೆ ಸಂಗೊಳ್ಳಿಯವರಿಗೆ ಬರುವ ಕಾಯಿಲೆ ಎಂದೇ ನನ್ನ ತಿಳಿವಳಿಕೆ.

ಗುರುವಾರ ಬಿಸ್ಕಿಟ್ ಪ್ಯಾಕೆಟ್ ಹಿಡಿದು, ಮುಖದ ತುಂಬ ಕರುಣೆ ತುಂಬಿಕೊಂಡು ಬಸ್ಸಿಳಿದೆ. ರಾಹೇಲವ್ವ ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದಳು.

"ಬರ್ರಿ ಅಕ್ಕೋರ, ಕುಂಡ್ರರಿ. ಪಾಸ್ಟರ್ ಎಲ್ಲಾ ಹೇಳ್ಯಾರ."

"ಏನು ಹೇಳಿದ್ರವ್ವಾ?"

"ಬೈಲಹೊಂಗಲದಾಗ ಒಬ್ರ ಅಕ್ಕೋರು ಅದಾರ, ಮಾತಾಡಾಕ ಯಾರೂ ಇಲ್ಲ, ಅವರನ್ನ ಮಾತಾಡಸೂ ಸೇವಾ ನಿಂದು ಅಂದ್ರು. ನನಗ ಮೊಣಕಾಲ ಬ್ಯಾನಿ, ಬಸ್ ಹತ್ತಾಕ ಆಗೂದಿಲ್ರಿ ಅಂದೆ. ಹಂಗಾರ ಅವರನ್ನ ಅಲ್ಲೇ ಕಳಸ್ತೇನಿ ಅಂದ್ರು."

ಹತ್ತಿದ ಬಸ್ಸಿನಿಂದ ನಡುದಾರಿಯಲ್ಲಿ ಇಳಿಸಿದಂತಾಯಿತು ನನಗೆ. "ನನ್ನ ಮನ್ಯಾಗ ಫೋನ್ ಐತಿ" ಎಂದೆ ಬಿಗಿಯಾಗಿ.

"ಅಯ್ಯ, ಇರಲಿ ಬಿಡ್ರಿ" ಎಂದು ಅವಳೇ ನನ್ನನ್ನು ಸಮಾಧಾನ ಮಾಡಿದಳು. ನಾನು ತಂದ ಬಿಸ್ಕಿಟನ್ನೇ ತಟ್ಟೆಗೆ ಹಾಕಿ ಮುಂದಿಟ್ಟು, "ಭಿಡೆ ಮಾಡಬ್ಯಾಡ್ರಿ, ತಿನ್ರಿ" ಎಂದಳು. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಶುರುಮಾಡಿದಳು. ನನಗಾಗಿ, ನನ್ನ ಖಾಲಿ ಮನೆಗಾಗಿ, ನನ್ನ ಫೋನಿಗಾಗಿ ಕೂಡ. ಅಷ್ಟು ಹೊತ್ತು ಯಾರದಾದರೂ ಕೈ ನನ್ನ ತಲೆಯ ಮೇಲಿದ್ದು ಎಷ್ಟು ವರ್ಷವಾಗಿತ್ತೋ. ಆ ಪ್ರಾರ್ಥನೆಯಲ್ಲಿ ತಿದ್ದುವಂಥದ್ದೇನೂ ನನ್ನ ನಾಲಿಗೆಗೆ ಸಿಗಲಿಲ್ಲ.

ಆಮೆನ್ ಎಂದ ಮೇಲೂ ಅವಳು ಕೈ ತೆಗೆಯಲಿಲ್ಲ. ಬೆರಳಿಗೆ ಏನೋ ಚುಚ್ಚಿರಬೇಕು, ಕಿವಿಯ ಮೇಲೆ ತಡವಿ ನೋಡಿದಳು.

"ಸೆರಗ ಜಾರಿ ಕೈ ಎತ್ತಿದ್ರಂತಲ್ಲ, ಅಕ್ಕೋರ. ಸೆರಗಿಗೆ ಈ ಪಿನ್ನ ಯಾವಾಗಿಂದ ಹಾಕ್ತೀರಿ?"

"ಕಾನ್ವೆಂಟಿನಿಂದ" ಎಂದುಬಿಟ್ಟೆ. ಚಾಪೆಲ್ಲಿನಲ್ಲಿ ತಲೆವಸ್ತ್ರ ಅಲುಗಬಾರದೆಂದು ಸಿಸ್ಟರ್ ಕಲಿಸಿದ ಡಿಸಿಪ್ಲಿನ್. ಐವತ್ತು ವರ್ಷದಲ್ಲಿ ಒಂದು ದಿನವೂ ತಪ್ಪಿಸಿದವಳಲ್ಲ.

ರಾಹೇಲವ್ವ ತಟ್ಟೆಯನ್ನು ಇನ್ನಷ್ಟು ನನ್ನ ಕಡೆ ಸರಿಸಿದಳು.