ಕಾಕುವಿನ ವಿಮಾನಕ್ಕೊಂದು ಪಿನ್ನು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಈ ಐದೂ ಊರುಗಳಲ್ಲಿ ವೈರಿನ ಸಾಮಾನು ಮಾರುವವರಿಗೆಲ್ಲ ನಮ್ಮ ಕಾಕುವಿನ ಗುರುತು ಚೆನ್ನಾಗಿದೆ. ಎಷ್ಟು ಚೆನ್ನಾಗಿ ಎಂದರೆ, ಆಕೆ ನನ್ನ ಬೈಕಿನಿಂದ ಇಳಿದದ್ದು ಕಂಡರೆ ಸಾಕು, ಅರ್ಧ ಶಟರ್ ಎಳೆದು “ಊಟಕ್ಕ ಹೊಂಟೀವ್ರಿ ಮಾವಶಿ” ಎನ್ನುತ್ತಾರೆ. ಬೆಳ್ಳಂಬೆಳಗ್ಗೆ ಅದೆಂಥ ಊಟವೋ!

ಕಾಕು ಎಂದರೆ ನನ್ನ ಚಿಕ್ಕಪ್ಪನ ಹೆಂಡತಿ. ಮಂಗಸೂಳಿಯ ಹತ್ತಿರ ಕಬ್ಬು, ದ್ರಾಕ್ಷಿ ಇರುವ ಮನೆ. ಆಕೆಯ ಓರಗೆಯ ಹೆಂಗಸರು ಸಂಜೆಯಾದರೆ ಗುಡಿಯ ಕಟ್ಟೆಗೆ ಹೋಗುತ್ತಾರೆ, ಇಲ್ಲವೇ ಟಿವಿಯ ಮುಂದೆ ಕೂತು ಧಾರಾವಾಹಿಯ ಸೊಸೆಯಂದಿರನ್ನು ಬೈಯುತ್ತಾರೆ. ನಮ್ಮ ಕಾಕು ವಿಮಾನ ಹಾರಿಸುತ್ತಾಳೆ. ನಗಬೇಡಿ, ನಿಜ! ಥರ್ಮಾಕೋಲಿನದು, ರಿಮೋಟಿನಿಂದ ಹಾರುವಂಥದು.

ಈ ಹುಚ್ಚು ಹಚ್ಚಿದವನು ಕಾಕಾ, ಅಂದರೆ ಆ ಚಿಕ್ಕಪ್ಪ. ದ್ರಾಕ್ಷಿಗೆ ಬರುವ ಹಕ್ಕಿಗಳನ್ನು ಹೆದರಿಸಲೆಂದು ಮೊಬೈಲಿನಲ್ಲಿ ವಿಡಿಯೋ ನೋಡಿ, ಸಾಮಾನು ತರಿಸಿ, ತಾನೇ ಅಂಟಿಸಿ, ಮೇಲೆ ಹದ್ದಿನ ಬಣ್ಣ ಬಳಿದ. ಮೊದಮೊದಲು ಹಕ್ಕಿಗಳು ಹೆದರಿದವು. ಆಮೇಲೆ, ಓಹೋ, ಇದು ಇವರ ಮನೆಯದೇ ಎಂದು ತಿಳಿದುಕೊಂಡವು. ವಿಮಾನ ಮೇಲೆ, ಅವು ಕೆಳಗೆ, ಅವರವರ ಕೆಲಸ ಅವರವರಿಗೆ. ಕೊನೆಗೆ ದ್ರಾಕ್ಷಿಗೆ ಬಲೆ ಕಟ್ಟಿಸಬೇಕಾಯಿತು. ವಿಮಾನ ಮಾತ್ರ ನಿಲ್ಲಲಿಲ್ಲ. ಹಕ್ಕಿ ಬರೀ ನೆಪ, ಹಾರಿಸುವುದೇ ಖುಷಿ ಎಂದು ಆಗ ಎಲ್ಲರಿಗೂ ಗೊತ್ತಾಯಿತು.

ಅಷ್ಟರಲ್ಲಿ ಕಾಕಾನಿಗೆ ಲಕ್ವ ಹೊಡೆಯಿತು. ಜೀವ ಉಳಿಯಿತು. ಕೋಲು ಹಿಡಿದು ನಡೆಯುವಷ್ಟು ಕಾಲೂ ಬಂತು. ಬಲಗೈ ಬರಲಿಲ್ಲ. ರಿಮೋಟಿಗೆ ಎರಡು ಹೆಬ್ಬೆರಳು ಬೇಕಲ್ಲ? ಕಾಕಾ ಅದನ್ನು ಕಾಕುವಿನ ಕೈಗಿಟ್ಟು, “ನೀ ಹಾರಸು. ಕರೆಂಟ್ ಕೊಡೂದಷ್ಟ ನನ್ನ ಕೆಲಸ” ಎಂದ. ಕರೆಂಟ್ ಕೊಡುವುದು ಎಂದರೆ ಬ್ಯಾಟರಿಯ ಪಿನ್ನನ್ನು ವಿಮಾನದ ಪಿನ್ನಿಗೆ ಜೋಡಿಸುವುದು. ಎರಡು ಕೈ ಇದ್ದವರಿಗೆ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುವ ಕೆಲಸ. ಒಂದೇ ಕೈ, ಅದೂ ಎಡಗೈ ಇದ್ದವನಿಗೆ? ಹಳೆಯ ಕೆಂಪು ಪಿನ್ನು ಚಪ್ಪಟೆ, ಭಾರಿ ಬಿಗಿ, ಬೆರಳಿಗೆ ಹಿಡಿತವೇ ಸಿಗದು. ಒಂದು ಸಂಜೆ ಕಾಕಾ ಬೆವರಿಳಿಯುವ ತನಕ ಅದರ ಜೊತೆ ಗುದ್ದಾಡಿ, “ಇನ್ನ ನೀವಾ ಮಾಡ್ಕೋರಿ, ನನ್ನಿಂದ ಆಗೂದಿಲ್ಲ” ಎಂದು ಮನೆಗೆ ನಡೆದ. ಮರುದಿನ ಹೊಲಕ್ಕೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ.

ಕಾಕು ಪಿನ್ನು ಹುಡುಕಲು ಹೊರಟದ್ದು ಆವಾಗಲೇ. ಸಾರಥಿ ನಾನು. ಚಿಕ್ಕೋಡಿಯಲ್ಲಿ ಕಾಲೇಜು ಮೇಷ್ಟ್ರಾದ ನನಗೆ ರವಿವಾರ ಬಿಡುವು ಎಂಬುದೊಂದಿತ್ತು. ಇತ್ತು!

ನಿಪ್ಪಾಣಿಯ ಅಂಗಡಿಯವನು ಮೊದಲ ಸಲ ಮರ್ಯಾದೆಯಿಂದಲೇ ಕೇಳಿದ.

“ಯಾವ ಗಾಡಿಗ ಬೇಕ್ರಿ ಮಾವಶಿ? ಸ್ಕೂಟಿಗೇನು?”

“ವಿಮಾನಕ್ಕ.”

ಅವನು ನನ್ನ ಮುಖ ನೋಡಿದ. ನಾನು ಅವನ ಫ್ಯಾನು ನೋಡಿದೆ.

“ವಿಮಾನಕ್ಕಂದ್ರ ಬೆಳಗಾವಿ ಸಾಂಬ್ರಾಕ ಹೋಗ್ರಿ. ಅಲ್ಲೇ ಇಳೀತಾವು.”

“ಅವು ಸರಕಾರದೂ. ಇದು ನಮ್ಮ ಮನೀದು” ಎನ್ನುತ್ತ ಕಾಕು ಬಲಗೈಯನ್ನು ಸೆರಗಿನೊಳಗೆ ಸುತ್ತಿ ಅಡಗಿಸಿ, ಎಡಗೈಯೊಂದರಲ್ಲೇ ಅಂಗಡಿಯ ಪಿನ್ನುಗಳನ್ನೆಲ್ಲ ಹಾಕುವುದು, ಕೀಳುವುದು ಶುರು ಮಾಡಿದಳು. ಒಂದು ಬಿಗಿ. ಇನ್ನೊಂದು ಸಲೀಸಾಗಿ ಒಳಗೆ ಹೋಯಿತು, ಆದರೆ ಕೀಳಬೇಕಾದರೆ ಕೊಂಡಿ ಒತ್ತಿ ಹಿಡಿಯಲು ಎರಡನೆಯ ಕೈ ಬೇಕು. ಅಂಗಡಿಯವನು “ಪಾಪ, ಕೈ ಹೋಗೇತಲ್ಲ” ಎಂದು ಕರಗಿ ಸ್ಟೂಲು ಹಾಕಿಸಿದ, ಚಹಾ ತರಿಸಿದ. ಚಹಾ ಬಂದದ್ದೇ ತಡ, ಸೆರಗಿನೊಳಗಿಂದ ಬಲಗೈ ಹೊರಬಂದು ಕಪ್ಪು-ಬಸಿ ಹಿಡಿಯಿತು! ಮುಂದಿನ ರವಿವಾರದಿಂದ ಅವನು ನಮ್ಮನ್ನು ಕಂಡರೆ ಊಟಕ್ಕೆ ಹೊರಡತೊಡಗಿದ.

ಅಥಣಿಯಲ್ಲಿ ಡ್ರೋನಿನಿಂದ ಬೆಳೆಗೆ ಔಷಧ ಹೊಡೆಯುವ ಒಬ್ಬ ತರುಣ ಸಿಕ್ಕ. ಬಲ್ಲವನು. ಹಳದಿ ಪಿನ್ನಿನ ಜೋಡಿಯೊಂದನ್ನು ತೋರಿಸಿ, “ಇದನ್ನ ಹಾಕ್ರಿ ಕಾಕು. ಉಲ್ಟಾ ಹಾಕತೀನಂದ್ರೂ ಹೋಗೂದಿಲ್ಲ. ಮ್ಯಾಲ ಹಾರುವಾಗ ಜಪ್ಪಯ್ಯ ಅಂದ್ರೂ ಬಿಚ್ಚೂದಿಲ್ಲ” ಎಂದ.

ಕಾಕು ಎಡಗೈಯಲ್ಲಿ ಎಳೆದು ನೋಡಿದಳು. “ಖರೇನ ಬಿಚ್ಚೂದಿಲ್ಲಪಾ. ಇದನ್ನ ಬಿಚ್ಚಾಕ ಜೋಡೆತ್ತ ಹೂಡಬೇಕು. ಸಡ್ಲ ಇದ್ದದ್ದ ಕೊಡು.”

“ಸಡ್ಲ ಇದ್ರ ವಿಮಾನ ಬೀಳತೈತ್ರಿ!”

“ಬಿದ್ರ ಮತ್ತ ಮಾಡಾಕ ಬರತೈತಿ. ನೀ ಕೊಡು.”

ಆತ ಹಣೆ ಚಚ್ಚಿಕೊಂಡು ಎರಡು ಬಿಡಿಬಿಡಿ ಕಡ್ಡಿಪಿನ್ನುಗಳನ್ನೂ ಸೇರಿಸಿ ಕೊಟ್ಟ. ಅವೇನೋ ಬೆಣ್ಣೆಯಂತೆ ಕೂಡುತ್ತಿದ್ದವು. ಆದರೆ ಕೆಂಪಿಗೆ ಕೆಂಪು, ಕರಿಗೆ ಕರಿ ಎಂದು ನೋಡಿ ಹಾಕಬೇಕು. ಮನೆಯಲ್ಲಿ ಕಾಕು ಎಡಗೈಯಲ್ಲಿ ಅವಸರಕ್ಕೆ ಅದಲು ಬದಲು ಮಾಡಿದಳು. ಚಟ್ ಎಂದಿತು. ಮೋಟರಿಗೆ ಕರೆಂಟು ಹಂಚುವ ಸಣ್ಣ ಪೆಟ್ಟಿಗೆಯಿಂದ ಹೊಗೆ!

ಒಳಗಿನ ಕೋಣೆಯಿಂದ ಕಾಕಾ ಕೂಗಿದ. “ಏನ ಸುಟ್ಟೀ?”

“ರೊಟ್ಟಿ ಹೊತ್ತೇತ್ರಿ.”

“ಪ್ಲಾಸ್ಟಿಕ್ ರೊಟ್ಟಿ ಯಾವಾಗಿಂದ ಮಾಡಾಕತ್ತಿ?”

ಬಹಳ ದಿನಗಳ ಮೇಲೆ ಆತ ಆಡಿದ ಮೊದಲ ಚೇಷ್ಟೆಯ ಮಾತು ಅದು. ಕಾಕು ಸುಟ್ಟ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ ನಕ್ಕಳು.

ಹೊಸ ಪೆಟ್ಟಿಗೆ ತರಿಸಿ ಕೂಡಿಸಿದ್ದಾಯಿತು. ಆಮೇಲೆ ಹಳದಿ ಪಿನ್ನಿನ ಒಳಗಿನ ಕಡ್ಡಿಗಳನ್ನು ಇಕ್ಕಳದಿಂದ ಒತ್ತಿ ಒತ್ತಿ ಸಡಿಲ ಮಾಡಿದಳು. ಹಾರಿಸಿದಳು. ವಿಮಾನ ಮೇಲೇರಿ, ತಿರುವಿನಲ್ಲಿ ಉಸಿರು ನಿಂತಂತೆ ಸುಮ್ಮನಾಗಿ, ಸೀದಾ ಪಕ್ಕದ ಕಬ್ಬಿನೊಳಗೆ ಬಿತ್ತು. ಬೆಳೆದ ಕಬ್ಬಿನಲ್ಲಿ ಹೊಕ್ಕು ಹುಡುಕಿದವರು ಯಾರು? ನಾನೇ! ಮರುದಿನ ತರಗತಿಯಲ್ಲಿ ನನ್ನ ಕೆನ್ನೆಯ ಗೀರುಗಳನ್ನು ನೋಡಿ ಮಕ್ಕಳು ನನ್ನ ಸಂಸಾರದ ಬಗ್ಗೆ ಏನೇನು ಊಹಿಸಿಕೊಂಡರೋ, ದೇವರೇ ಬಲ್ಲ.

ಅವತ್ತು ನನಗೂ ಸಿಟ್ಟು ಬಂತು. “ಅಲ್ಲ ಕಾಕು, ಬಿಗಿ ಇದ್ದದ್ದ ಹಾಕಿ, ಪಿನ್ನ ನೀನ ಹಾಕಿಬಿಡಲ್ಲ! ನಿನಗೆಷ್ಟೊತ್ತಿನ ಕೆಲಸ ಅದು?”

ಕಾಕು ಥರ್ಮಾಕೋಲಿನ ಮುರಿದ ರೆಕ್ಕೆಗೆ ಅಂಟು ಹಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

“ಅಂಗಿ ಗುಂಡಿ ನಾ ಹಾಕ್ತೀನಿ. ರೊಟ್ಟಿ ಮುರದ ನಾ ಕೊಡ್ತೀನಿ. ಹೊಲದ ಲೆಕ್ಕಾನೂ ಈಗ ನಂದ. ಪಿನ್ನೂ ನಾನಾ ಹಾಕಿದ್ರ, ಅವರದು ಅನ್ನೂದು ಏನ ಉಳೀತಲೇ ಖೋಡಿ?”

ನಾನು ಮುರಿದ ರೆಕ್ಕೆಯ ಇನ್ನೊಂದು ತುದಿ ಹಿಡಿದುಕೊಂಡೆ. ಬಿಗಿಯಾದರೆ ಕಾಕಾ ಬೀಳುತ್ತಾನೆ, ಸಡಿಲವಾದರೆ ವಿಮಾನ ಬೀಳುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವುದು ಸುಲಭ. ಅಂಥ ಪಿನ್ನು ಯಾವ ಅಂಗಡಿಯಲ್ಲಿ ಸಿಗುತ್ತದೆ? ನಮ್ಮ ನಮ್ಮ ಮನೆಗಳಲ್ಲೇ ನೋಡಿ, ಅತಿಯಾಗಿ ಹಿಡಿದು ಒಬ್ಬರು ಉಸಿರು ಕಟ್ಟಿಸುತ್ತಾರೆ, ಬಿಟ್ಟೇ ಬಿಟ್ಟು ಇನ್ನೊಬ್ಬರು ಕಳೆದುಕೊಳ್ಳುತ್ತಾರೆ. ಹದ ಗೊತ್ತಿದ್ದವರು ಎಷ್ಟು ಜನ? ನನಗಂತೂ ಗೊತ್ತಿಲ್ಲ.

ಉತ್ತರ ಸಿಕ್ಕಿದ್ದು ಅಡುಗೆಮನೆಯಲ್ಲಿ. ಕಾಕು ನೆಲದಲ್ಲಿ ಹೂತ ಒಳಕಲ್ಲಿನ ಮುಂದೆ ಕೂತು ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಕುಟ್ಟುತ್ತಿದ್ದಳು. ಕುಟ್ಟುವ ಕೈ ತಟ್ಟನೆ ನಿಂತಿತು.

“ಲೇ, ಈ ಒಳಕಲ್ಲ ಯಾರರೆ ಹಿಡಕೊಂಡಾರೇನು?”

“ಯಾರ ಯಾಕ ಹಿಡೀತಾರ? ನೆಲದಾಗ ಹೂತೈತಿ.”

“ಅದಕ್ಕ ಒಂದ ಕೈಲೆ ಕುಟ್ಟಾಕ ಬರತೈತಿ! ಎಂಥಾ ಪಿನ್ನ, ಎಂಥಾ ಪಿನ್ನ ಅಂತ ಊರೂರ ತಿರಿಗಿದ್ವಿ. ಹೆಂಗ ಕೂಡಸಬೇಕು ಅಂತ ನೋಡಲೇ ಇಲ್ಲ ನೋಡು!”

ಹಿಂಡಿ ಅಲ್ಲೇ ಉಳಿಯಿತು. ಹೊಸದೊಂದು ಹಳದಿ ಪಿನ್ನು, ಆ ತರುಣ ಹೇಳಿದ ಬಿಗಿಯದೇ, ಅದರ ಅರ್ಧವನ್ನು ಮರದ ತುಂಡಿಗೆ ಬಿಗಿದು ವಿಮಾನದ ಹೊಟ್ಟೆಯೊಳಗೆ ಅಲುಗದಂತೆ ಅಂಟಿಸಿದಳು. ಬ್ಯಾಟರಿಯ ಕಡೆಯ ಅರ್ಧಕ್ಕೆ, ಎಳೆಯುವಾಗ ಬೆರಳು ತೂರಿಸಲು ಗಟ್ಟಿ ದಾರದ ಕುಣಿಕೆ ಹಾಕಿದಳು. ಇನ್ನು ಒಂದು ಕೈ ಸಾಕು. ಸಾಕೇ? ಅದನ್ನು ಹೇಳಬೇಕಾದವನು ಗೋಡೆ ನೋಡುತ್ತ ಮಲಗಿದ್ದ.

“ಪಿನ್ನ ಯಾಕೋ ಸರಿ ಕುಂತಿಲ್ಲರಿ. ಒಮ್ಮೆ ನೋಡ ಬರ್ರಿ” ಎಂದು ಕಾಕು ಶುದ್ಧ ಸುಳ್ಳು ಹೇಳಿದಳು. ಕಾಕಾ ಗೊಣಗುತ್ತ ಕೋಲು ಹಿಡಿದು ಬಂದ.

ಹೊಲದ ಬದುವಿನ ಮೇಲೆ ಕೂತು ವಿಮಾನವನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡ. ಎಡಗೈಯಲ್ಲಿ ಪಿನ್ನು ಹಿಡಿದ. ಜಾರಿತು. ಮತ್ತೆ ಹಿಡಿದ. ಸೊಟ್ಟಗೆ ಹೋಯಿತು. ಹಣೆಯ ಮೇಲೆ ಬೆವರು ಮೂಡಿತು. ನನ್ನಿಂದ ನೋಡಲಾಗದೆ ಕೈ ಚಾಚಿದೆ. ಕಾಕು ನನ್ನ ರಟ್ಟೆಯನ್ನು ಎಂಥ ಚಿವುಟು ಚಿವುಟಿದಳೆಂದರೆ ಕಣ್ಣಲ್ಲಿ ನೀರು ಬಂತು.

“ಗಾಳಿ ಸರಿ ಇಲ್ಲ. ತಡಿ” ಎಂದಳು ಗಟ್ಟಿಯಾಗಿ, ಅವನಿಗೆ ಕೇಳುವಂತೆ. ರಿಮೋಟು ಹಿಡಿದು ಅವನಿಗೆ ಬೆನ್ನು ಮಾಡಿ ನಿಂತು, ಮುಗಿಲು ನೋಡತೊಡಗಿದಳು. ಕಬ್ಬಿನ ಒಂದು ಎಲೆಯೂ ಅಲುಗುತ್ತಿರಲಿಲ್ಲ.

ನಾವು ಹಾಗೇ ನಿಂತೆವು. ಹಿಂದಿನಿಂದ ಅವನ ಏದುಸಿರು ಕೇಳುತ್ತಿತ್ತು. ಕಾಕು ತಿರುಗಲಿಲ್ಲ.

ಟಕ್.

ವಿಮಾನ ಪೀಂ ಪೀಂ ಎಂದು ಎಚ್ಚರಗೊಂಡಿತು.

“ಏಯ್, ಕರೆಂಟ್ ಕೊಟ್ಟೀನಿ!” ಕಾಕಾನ ದನಿ ಹಳೆಯ ಜೋರಿನಲ್ಲಿ ಬಂತು. “ಹಾರಸ್ತೀಯೋ, ಇಲ್ಲಾ ಮುಗಿಲ ನೋಡಕೋತ ನಿಂದರತೀಯೋ?”

ಕಾಕು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲಷ್ಟೇ ತಿರುಗಿದಳು.

“ಹಾರಸ್ತೀನ್ರಿ. ಈಗ ಬಂತ ನೋಡ್ರಿ ಗಾಳಿ.”

ಒಂದು ಎಲೆಯೂ ಅಲುಗಿರಲಿಲ್ಲ. ನಾನು, “ಹೌದ ಕಾಕಾ, ಬಂತು” ಎಂದೆ.